ಕಟ್ಟಿಗೆಯನ್ನು ಹಿಡಿಯುವವರು ಯಾರು?

ಬಡಿಗತನದಲ್ಲಿ ಕೊಯ್ಯುವುದು, ಕೆತ್ತುವುದು, ತೂತು ಹೊಡೆಯುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅಷ್ಟು ಹೊತ್ತೂ ಕಟ್ಟಿಗೆ ಅಲುಗದಂತೆ ಹಿಡಿದಿರುವುದು ಯಾರು ಎಂಬುದು ಮಾತ್ರ ಬೇಗ ಗಮನಕ್ಕೆ ಬರುವುದಿಲ್ಲ. ರಂದಾ ತಳ್ಳಿದರೆ ಹಲಗೆಯೂ ಅದರ ಜೊತೆ ಹೊರಡುತ್ತದೆ. ಉಳಿಯ ತಲೆಗೆ ಕೊಡತಿ ಬಿದ್ದರೆ ತುಂಡು ಜಿಗಿಯುತ್ತದೆ. ಯೂರೋಪಿನ ಬಡಗಿ ಹಿಡಿಯುವ ಈ ಕೆಲಸವನ್ನು ಒಂದು ಭಾರಿ ಬೆಂಚಿಗೆ ಒಪ್ಪಿಸಿ ನಿಂತುಕೊಂಡ. ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ಬಡಿಗೇರ ನೆಲದ ಮೇಲೆ ಕುಳಿತು ಅದನ್ನು ತನ್ನ ಕಾಲಿಗೇ ವಹಿಸಿದ.

ಒಂದು ಕಾಲು ಚಾಚಿ, ಇನ್ನೊಂದನ್ನು ಮಡಚಿ, ಹಿಮ್ಮಡಿಯಿಂದ ಹಲಗೆಯನ್ನು ಒತ್ತಿ, ಹೆಬ್ಬೆರಳ ಸಂದಿನಲ್ಲಿ ಸಣ್ಣ ತುಂಡನ್ನು ಸಿಕ್ಕಿಸಿ ಕೆಲಸ ಮಾಡುವ ಆ ಭಂಗಿಯನ್ನು ನೋಡಿ ಬ್ರಿಟಿಷರ ಕಾಲದ ಬರಹಗಾರರು ಬೆರಗಾದದ್ದುಂಟು. ಕೆಲವರು ಅದನ್ನು ಹಿಂದುಳಿದ ರೀತಿ ಎಂದೂ ಕರೆದರು. ಆದರೆ ಅದೇ ಭಂಗಿಯಲ್ಲಿ ಕುಳಿತವರು ಮಾಡಿದ ಗಾಡಿಯ ಗಾಲಿ ಕೃಷ್ಣೆಯ ದಡದ ಎರೆಮಣ್ಣಿನಲ್ಲಿ ಟನ್ನುಗಟ್ಟಲೆ ಕಬ್ಬು ಹೊತ್ತು ಉರುಳಿತು ಎಂಬುದನ್ನು ನೆನೆದರೆ ಆ ಟೀಕೆಗೆ ತೂಕ ಉಳಿಯುವುದಿಲ್ಲ.

ಈಗ ಕಾಲ ತಿರುಗಿದೆ. ನಿವೃತ್ತಿಯ ನಂತರ ಕೈಗೊಂದು ಕೆಲಸ ಬೇಕೆನ್ನುವವರು, ಕಂಪ್ಯೂಟರ್ ಮುಂದೆ ಕುಳಿತು ದಣಿದ ಯುವಕರು, ಶಾಲೆಯ ಮಕ್ಕಳಿಗೆ ಏನಾದರೂ ಕಲಿಸಬೇಕೆನ್ನುವ ಮೇಷ್ಟ್ರು ಮನೆಯಲ್ಲೇ ಕೈ ಉಪಕರಣಗಳಿಂದ ಬಡಿಗತನ ಮಾಡಲು ಹೊರಟಿದ್ದಾರೆ. ಮೊಬೈಲಿನಲ್ಲಿ ಅವರು ನೋಡುವ ವಿದೇಶಿ ವಿಡಿಯೊಗಳಲ್ಲೆಲ್ಲ ಸೊಂಟದೆತ್ತರದ, ಎರಡು ತಿರುಪಿನ ಹಿಡಿಕೆಗಳಿರುವ, ಓಕ್ ಅಥವಾ ಮೇಪಲ್ ಮರದ ಬೆಂಚು. ಹಾಗಾಗಿ ಮೊದಲ ಆಸೆ ಬೆಂಚಿನ ಮೇಲೆಯೇ ಹುಟ್ಟುತ್ತದೆ. ಮೊದಲ ತೊಡಕೂ ಅಲ್ಲೇ: ಬೆಂಚು ಮಾಡಲು ಬೆಂಚು ಬೇಕು.

ಈ ಗಂಟನ್ನು ಬಿಚ್ಚುವ ದಾರಿ ಚಿಕ್ಕೋಡಿಯಿಂದ ಕಾಗವಾಡದವರೆಗಿನ ಊರುಗಳ ಹಳೆಯ ಹೊಲಮನೆಗಳಲ್ಲೇ ಇದೆ. ಅಟ್ಟದ ಮೇಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ ಬಿದ್ದಿರುವ ಕುಂಟೆಯನ್ನೋ ಕೂರಿಗೆಯನ್ನೋ ಎಳೆದು ತಂದು ಬೋರಲು ಹಾಕಿ ನೋಡಬೇಕು. ದಪ್ಪನೆಯ ಒಂದು ದಿಂಡು. ಅದಕ್ಕೆ ಓರೆಯಾಗಿ ಹೊಡೆದ ತೂತುಗಳು. ಆ ತೂತುಗಳಲ್ಲಿ ಬಿಗಿಯಾಗಿ ಕೂತ ತಾಳುಗಳು. ಸಡಿಲಾಗದಂತೆ ಬಡಿದ ಬೆಣೆ. ದಿಂಡನ್ನು ಅಗಲ ಮಾಡಿ, ತಾಳುಗಳ ಸಂಖ್ಯೆಯನ್ನು ನಾಲ್ಕಕ್ಕೆ ಏರಿಸಿದರೆ ಅದು ಬಡಗಿಯ ಬೆಂಚು. ಮೊಳೆ ಬೇಡ, ಅಂಟು ಬೇಡ, ತಿರುಪೂ ಬೇಡ.

ಇದು ಬರೀ ಹೋಲಿಕೆಯ ಮೋಜಲ್ಲ. ಜರ್ಮನಿಯ ಸಾಲ್‌ಬುರ್ಗ್ ಎಂಬಲ್ಲಿ ರೋಮನ್ನರ ಕೋಟೆಯ ಬಾವಿಗಳಿಂದ ಹೊರತೆಗೆದ, ಸುಮಾರು 1800 ವರ್ಷ ಹಳೆಯ ಬೆಂಚುಗಳು ಇದೇ ರೀತಿಯವು: ದಪ್ಪ ಹಲಗೆ, ಓರೆ ತೂತು, ಹೊರಕ್ಕೆ ಚಾಚಿದ ಕಾಲು, ಎತ್ತರ ಮೊಣಕಾಲಿನಷ್ಟು. ಕ್ರಿ.ಶ. 79ರಲ್ಲಿ ವೆಸೂವಿಯಸ್ಸಿನ ಬೂದಿಯಡಿ ಹೂತುಹೋದ ಹರ್ಕ್ಯುಲೇನಿಯಂ ಪಟ್ಟಣದ ಗೋಡೆಚಿತ್ರವೊಂದರಲ್ಲೂ ಅಂಥ ಗಿಡ್ಡ ಬೆಂಚು ಇತ್ತು. ಮೂಲ ಚಿತ್ರ ಅಳಿದಿದೆ, 18ನೇ ಶತಮಾನದಲ್ಲಿ ಅದನ್ನು ನೋಡಿ ಮಾಡಿದ ಅಚ್ಚುಚಿತ್ರ ಉಳಿದಿದೆ. ಇಂದಿನ ವಿಡಿಯೊಗಳ ಎತ್ತರದ ಬೆಂಚು ಇದಕ್ಕಿಂತ ಬಹಳ ಈಚಿನದು. ಫ್ರಾನ್ಸಿನ ಆಂದ್ರೆ ರೂಬೊ 1769ರಿಂದ ಪ್ರಕಟಿಸಿದ ಬಡಿಗತನದ ಮಹಾಗ್ರಂಥದ ಚಿತ್ರಗಳಿಂದ ಆ ರೂಪಕ್ಕೆ ಹೆಸರು ಬಂತು. ಅಮೆರಿಕದ ಕ್ರಿಸ್ಟೋಫರ್ ಶ್ವಾರ್ಜ್ 2007ರಲ್ಲಿ ಎತ್ತರದ ಬೆಂಚುಗಳ ಬಗ್ಗೆ ಪುಸ್ತಕ ಬರೆದು ಹೆಸರಾದವರು. ಅವರೇ 2018ರಲ್ಲಿ ಗಿಡ್ಡ ರೋಮನ್ ಬೆಂಚುಗಳ ಬಗ್ಗೆ ಇನ್ನೊಂದು ಪುಸ್ತಕ ತಂದರು. ಅಂದರೆ ಅಲ್ಲಿನವರೇ ಎತ್ತರದಿಂದ ಕೆಳಕ್ಕೆ ಇಳಿಯುತ್ತಿರುವ ಹೊತ್ತಿನಲ್ಲಿ ಇಲ್ಲಿನವರು ಏಣಿ ಹತ್ತಲು ಹೊರಟಿದ್ದಾರೆ.

ಗಿಡ್ಡ ಬೆಂಚಿನಲ್ಲಿ ತಿರುಪಿನ ಹಿಡಿಕೆಯ ಬದಲು ಮೈಭಾರವಿದೆ. ಬೆಂಚಿನ ಎರಡೂ ಬದಿಗೆ ಕಾಲು ಹಾಕಿ ಕುಳಿತರೆ ತುಂಡು ತೊಡೆಯ ಕೆಳಗೆ ಸಿಕ್ಕಿಬೀಳುತ್ತದೆ. ಮೊಣಕಾಲೂರಿ ನಿಂತರೆ ಕೊಯ್ಯುವ ಹಲಗೆ ಅಲುಗುವುದಿಲ್ಲ. ನೆಲದ ಮೇಲೆ ಕುಳಿತು ಕೆಲಸ ಮಾಡುವ ಅಭ್ಯಾಸ ತಪ್ಪಿಹೋದ ಮೈಗೂ ಇದು ಒಗ್ಗುತ್ತದೆ.

ಕನ್ನಡ ನಾಡಿನಲ್ಲಿ ಬಡಿಗೇರನ ಕೈ ಎಷ್ಟು ಹಳೆಯದು ಎನ್ನುವುದಕ್ಕೆ ವಚನಗಳ ಕಾಲದವರೆಗೂ ಹೋಗಬಹುದು. 12ನೇ ಶತಮಾನದ ಶರಣರಲ್ಲಿ ಬಾಚಿ ಕಾಯಕದ ಬಸವಯ್ಯ ಎಂಬವರಿದ್ದರು. ಅವರ ಪತ್ನಿ ಕಾಳವ್ವೆಯೂ ವಚನಕಾರ್ತಿ. ಹಿಡಿದ ಉಪಕರಣವೇ ಹೆಸರಿನ ಭಾಗವಾಗಿ ಎಂಟುನೂರು ವರ್ಷ ಉಳಿಯಿತು. ಬೆಳಗಾವಿ ಜಿಲ್ಲೆಯದೇ ಆದ ಸಿರಸಂಗಿಯ ಕಾಳಿಕಾದೇವಿ ಇಂದಿಗೂ ವಿಶ್ವಕರ್ಮ ಸಮಾಜದವರು ದೂರದೂರದಿಂದ ನಡೆದುಕೊಳ್ಳುವ ದೇವತೆ. ಊರಲ್ಲಿ ಬಡಿಗೇರನ ದುಡಿಮೆಗೆ ಆಗಾಗ ರೊಕ್ಕ ಎಣಿಸಿ ಕೊಡುವ ಪದ್ಧತಿ ಇರಲಿಲ್ಲ. ವರ್ಷವಿಡೀ ಅವನು ರಂಟೆ, ಕುಂಟೆ, ಕೂರಿಗೆ ರಿಪೇರಿ ಮಾಡಿಕೊಡುವುದು; ಸುಗ್ಗಿಯಲ್ಲಿ ರೈತ ಕಣದಲ್ಲೇ ಆಯ ಅಳೆದುಕೊಡುವುದು. ಮರಾಠಿ ಸೀಮೆ ಹತ್ತಿರವಿರುವ ನಿಪ್ಪಾಣಿ ಕಡೆ ಇದಕ್ಕೆ ಬಲುತೆ ಎಂದರೂ ವ್ಯವಸ್ಥೆ ಒಂದೇ.

ಆ ವ್ಯವಸ್ಥೆಗೆ ಪೆಟ್ಟು ಕೊಟ್ಟವರಲ್ಲಿ ಒಬ್ಬರು ಇದೇ ಜಿಲ್ಲೆಯವರು ಎಂಬುದು ವಿಚಿತ್ರ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸುತ್ತ, 20ನೇ ಶತಮಾನದ ಆರಂಭದಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿ ಮೊದಮೊದಲು ಅದನ್ನು ಮುಟ್ಟಲಿಲ್ಲ ಎಂಬ ಕಥೆ ಆ ಕಂಪನಿಯ ಚರಿತ್ರೆಯಲ್ಲಿ ಪದೇಪದೇ ಬರುತ್ತದೆ. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದು 1910ರಲ್ಲಿ ಅವರು ಔಂಧ್ ಸಂಸ್ಥಾನದ ಕುಂಡಲ್‌ಗೆ ಹೋದರು. ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ ಅದೇ. ನೇಗಿಲು ಕಾರ್ಖಾನೆಗೆ ಹೋಯಿತು, ಆಮೇಲೆ ಟ್ರ್ಯಾಕ್ಟರು ಬಂತು, ಕಬ್ಬಿನ ಗಾಡಿಗೆ ಟೈರು ಏರಿತು. ಬಡಿಗೇರ ಬಾಗಿಲು, ಚೌಕಟ್ಟು, ಪ್ಲೈವುಡ್ ಕಪಾಟುಗಳ ಕಡೆ ತಿರುಗಿದ. ಶರ್ಯತ್ತಿನ ಗಾಡಿಗಳ ಹುಚ್ಚು ಗಡಿಭಾಗದಲ್ಲಿ ಇನ್ನೂ ಆರದಿರುವುದರಿಂದ, ಚಿಂಚಲಿ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆಯ ಸುಮಾರಿಗೆ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುವುದರಿಂದ ಗಾಲಿಯ ವಿದ್ಯೆ ಅಷ್ಟಿಷ್ಟು ಉಳಿದಿದೆ.

ನೆಲದ ಮೇಲೆ ಕುಳಿತ ಕೈಗಳು ಎಲ್ಲಿಯವರೆಗೆ ಹೋಗಬಲ್ಲವು ಎಂಬುದನ್ನು ಕಾಗವಾಡದ ಗಡಿ ದಾಟಿದರೆ ಸಿಗುವ ಮಿರಜದಲ್ಲಿ ನೋಡಬಹುದು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದ ನಡುಭಾಗದಲ್ಲಿ ಸಿತಾರು, ತಂಬೂರಿ ಮಾಡಲು ಕಲಿತರು. ಫರೀದ್‌ಸಾಹೇಬ್ ಸಿತಾರ್‌ಮೇಕರ್ ಅವರ ಹೆಸರಿನಿಂದ ಆ ಪರಂಪರೆಯನ್ನು ಗುರುತಿಸುತ್ತಾರೆ. ಮಿರಜದ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕೂದಲೆಳೆಯ ನಿಖರತೆ ಬೇಡುವ ಆ ಕೆಲಸ ಇಂದಿಗೂ ಬಹುಪಾಲು ನೆಲದ ಮೇಲೆ, ಕಾಲ ನಡುವೆಯೇ ನಡೆಯುತ್ತದೆ.

ಇನ್ನು ಬೆಂಚಿಗೆ ಬೇಕಾದ ಕಟ್ಟಿಗೆ. ಅಥಣಿ, ರಾಯಬಾಗ, ಚಿಕ್ಕೋಡಿ, ಕಾಗವಾಡ, ನಿಪ್ಪಾಣಿ ತಾಲ್ಲೂಕುಗಳಲ್ಲಿ ಖಾನಾಪುರದಂಥ ಕಾಡಿಲ್ಲ. ಸಾಗವಾನಿ ಬೇಕೆಂದರೆ ಹೊರಗಿನಿಂದಲೇ ಬರಬೇಕು, ಬೆಲೆಯೂ ಹಾಗೆಯೇ. ಬೆಂಚಿಗೆ ಸಾಗವಾನಿ ಹಾಕುವುದು ದುಂದು. ಬೆಂಚಿಗೆ ಅಂದ ಬೇಡ, ಭಾರ ಬೇಕು. ಬದುವಿನ ಮೇಲಿನ ಕರಿಜಾಲಿ ಆ ಲೆಕ್ಕದಲ್ಲಿ ಎಲ್ಲಕ್ಕೂ ಮೇಲು. ಒಣಗಿದ ಜಾಲಿ ಘನ ಅಡಿಗೆ ಸುಮಾರು 22–23 ಕಿಲೊ ತೂಗುತ್ತದೆ, ಸಾಗವಾನಿ 18 ಕಿಲೊ ಆಸುಪಾಸು. ಗಾಡಿ, ಗಳೇವಿನ ಸಾಮಾನಿಗೆ ಹಿರಿಯರು ಜಾಲಿಯನ್ನೇ ಹುಡುಕುತ್ತಿದ್ದದ್ದು ಅದರ ಗಡಸುತನಕ್ಕಾಗಿ, ಪೆಟ್ಟು ತಾಳುವ ಗುಣಕ್ಕಾಗಿ. ಅದರ ದೋಷವೆಂದರೆ ನೆಟ್ಟಗೆ ಬೆಳೆಯುವುದು ಅಪರೂಪ. ಒಂದಡಿ ಅಗಲದ ನೇರ ಹಲಗೆ ಸಿಕ್ಕರೆ ಅದೃಷ್ಟ. ಬೇವು ಸಿಗುವುದು ಸುಲಭ, ತಕ್ಕಮಟ್ಟಿಗೆ ಭಾರ, ಹುಳು ಬೀಳುವುದು ಕಡಿಮೆ. ಹುಣಸೆ ಕಬ್ಬಿಣದಂತೆ ಗಟ್ಟಿ, ಆದರೆ ಉಳಿಯ ಮೊನೆಯನ್ನು ತಿನ್ನುತ್ತದೆ. ಮಾವು ಅಗ್ಗ, ಒಳಗಿನ ನಾರು ಅಡ್ಡಾದಿಡ್ಡಿ, ಹುಳಕ್ಕೆ ಪ್ರಿಯ. ತನ್ನದೇ ಹೊಲದ ಮರವಾದರೂ ಕೊಡಲಿ ಹಾಕುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಹಸಿ ಮರ ತಂದರೆ ಕಾಯಬೇಕು. ಒಂದಿಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಒರಟು ಲೆಕ್ಕ. ದಿಮ್ಮಿಯನ್ನು ಕೆಲವು ತಿಂಗಳು ಹಳ್ಳ, ಕೆರೆಯ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ನೆರಳಲ್ಲಿ ಒಣಗಿಸುವ ರೂಢಿಗೂ ಕಾರಣವಿದೆ: ಹುಳು ತಿನ್ನುವ ಹಿಟ್ಟಿನಂಶ ನೀರಿಗೆ ಕರಗಿ ಹೋಗುತ್ತದೆ. ಹಾಗೆ ಮಾಡಿದರೂ ಹೊರಗಿನ ಬಿಳಿ ಕಟ್ಟಿಗೆಯನ್ನು ನಂಬುವಂತಿಲ್ಲ; ಒಳಗಿನ ಕೆಂಪು ಕೆಚ್ಚೇ ಬಾಳಿಕೆ.

ಕಾಯುವ ತಾಳ್ಮೆ ಇಲ್ಲದವರಿಗೆ ಹಳೆಯ ಮನೆಗಳ ತೊಲೆಗಳಿವೆ. ಮಣ್ಣಿನ ಮಾಳಿಗೆಯ ಮನೆ ಕೆಡವಿ ಆರ್‌ಸಿಸಿ ಹಾಕಿಸುವವರು ತೊಲೆ, ಜಂತಿ, ಕಂಬಗಳನ್ನು ಮಾರುತ್ತಾರೆ. 2005ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿದಾಗ ದಡದ ಊರುಗಳಲ್ಲಿ ಮಣ್ಣಿನ ಗೋಡೆಗಳು ಕುಸಿದವು. ಅಂಥ ಗೋಡೆ ಕುಸಿದರೂ ಅದರ ಮೇಲಿನ ತೊಲೆ ಬಹಳ ಸಲ ಕೆಲಸಕ್ಕೆ ಬರುವಂತೆಯೇ ಇರುತ್ತದೆ. ಎರಡು ಮೂರು ತಲೆಮಾರು ಸೂರಿನಡಿ ಒಣಗಿದ ಕಟ್ಟಿಗೆ ಇನ್ನು ಹೆಚ್ಚು ಸೊಟ್ಟಗಾಗುವುದಿಲ್ಲ. ರಂದಾ ಹಾಕುವ ಮೊದಲು ಅದರ ಮೇಲೆ ಒಂದು ಅಯಸ್ಕಾಂತ ಎಳೆದು ನೋಡುವುದು ಜಾಣತನ. ಒಳಗೆ ಮುರಿದುಳಿದ ಒಂದು ಮೊಳೆ ಇಡೀ ದಿನ ಸಾಣೆ ಹಿಡಿದ ಅಲಗನ್ನು ಕ್ಷಣದಲ್ಲಿ ಹಾಳುಮಾಡುತ್ತದೆ.

ಆರಡಿ ಉದ್ದ, ಒಂದಡಿ ಅಗಲ, ಮೂರಿಂಚು ದಪ್ಪದ ಹಲಗೆ ಎಂದರೆ ಒಂದೂವರೆ ಘನ ಅಡಿ. ಜಾಲಿಯಾದರೆ 34 ಕಿಲೊ, ಬೇವಾದರೆ 30ರ ಸುಮಾರು. ಕಾಲುಗಳ ತೂಕ ಬೇರೆ, ಕುಳಿತವರ ತೂಕ ಬೇರೆ. ಇಷ್ಟಾದರೆ ಬೆಂಚು ಜಾರುವುದಿಲ್ಲ. ಒಂದಡಿ ಅಗಲ ಸಿಗದಿದ್ದರೆ ಐದಾರು ಇಂಚಿನ ಎರಡು ತೊಲೆಗಳನ್ನು ನಡುವೆ ಒಂದಿಂಚು ಸಂದು ಬಿಟ್ಟು ಜೋಡಿಸಬಹುದು. ಆ ಸಂದು ಕೊರತೆಯಲ್ಲ: ಕೊಯ್ಯುವಾಗ ಗರಗಸ ಅದರೊಳಗೆ ಇಳಿಯುತ್ತದೆ, ಬೆಣೆ ಹೊಡೆದು ತುಂಡನ್ನು ಅಲ್ಲೇ ಸಿಕ್ಕಿಸಬಹುದು.

ಹಲಗೆಯನ್ನು ಮಟ್ಟ ಮಾಡುವುದೇ ಬೆವರಿನ ಭಾಗ. ಎರಡು ನೇರ ಪಟ್ಟಿಗಳನ್ನು ಹಲಗೆಯ ಎರಡು ತುದಿಗೆ ಅಡ್ಡಲಾಗಿ ಇಟ್ಟು, ಒಂದರ ಮೇಲಂಚಿನಿಂದ ಇನ್ನೊಂದನ್ನು ಒಂದೇ ಕಣ್ಣಲ್ಲಿ ನೋಡಿದರೆ ಹಲಗೆ ತಿರುಚಿದೆಯೋ ಇಲ್ಲವೋ ತಿಳಿಯುತ್ತದೆ. ಉಬ್ಬಿದ ಮೂಲೆಯನ್ನು ಬಾಚಿಯಿಂದ ಕೆತ್ತಿ ಇಳಿಸಿ, ರಂದಾವನ್ನು ಮೊದಲು ನಾರಿಗೆ ಅಡ್ಡಲಾಗಿ, ಆಮೇಲೆ ಓರೆಯಾಗಿ, ಕೊನೆಗೆ ಉದ್ದಕ್ಕೆ ಹೊಡೆಯಬೇಕು. ಮೊದಲೇ ಉದ್ದಕ್ಕೆ ಹೊಡೆದರೆ ಜಾಲಿ, ಬೇವುಗಳ ಹೆಣೆದ ನಾರು ಸಿಬಿರೆದ್ದು ಹೊಂಡ ಬೀಳುತ್ತದೆ. ಕೆಳಮುಖವನ್ನು ಕಾಲು ಕೂರುವಲ್ಲಿ ಮಾತ್ರ ಮಟ್ಟ ಮಾಡಿದರೆ ಸಾಕು. ಎಲ್ಲ ಕಡೆ ನುಣುಪು ಮಾಡಲು ಹೊರಟವರು ಅರ್ಧಕ್ಕೇ ಬೇಸತ್ತು ಬಿಡುತ್ತಾರೆ.

ಓರೆ ತೂತು ಹೊಸಬರನ್ನು ಹೆದರಿಸುತ್ತದೆ. ಕೂರಿಗೆ ಮಾಡುವವನಿಗೆ ಅದು ದಿನದ ಮಾತಾಗಿತ್ತು; ತಾಳುಗಳ ಓರೆ ಒಂದೇ ಸಮ ಬರದಿದ್ದರೆ ಬಿತ್ತನೆಯ ಸಾಲು ಸೊಟ್ಟಗಾಗಿ ಊರಿಗೆಲ್ಲ ಗೊತ್ತಾಗುತ್ತಿತ್ತು. ಬೆಂಚಿಗೆ ಅಷ್ಟು ಕಟ್ಟುನಿಟ್ಟು ಬೇಡ. ಕಾಲು 10ರಿಂದ 15 ಡಿಗ್ರಿ ಹೊರಕ್ಕೆ ಚಾಚಿದರೆ ಆಯಿತು. ಎರಡು ಪಟ್ಟಿಗಳನ್ನು ಒಂದು ಮೊಳೆಯಿಂದ ಸೇರಿಸಿ ಬೇಕಾದ ಓರೆಗೆ ತೆರೆದು ಹಲಗೆಯ ಮೇಲೆ ನಿಲ್ಲಿಸಿಕೊಂಡರೆ, ಬೈರಿಗೆಯನ್ನು ಅದಕ್ಕೆ ಸಮನಾಗಿ ಹಿಡಿದು ಒಂದೂವರೆ ಇಂಚಿನ ತೂತು ಕೊರೆಯಬಹುದು. ತುದಿ ಹೊರಬರುವ ಹೊತ್ತಿಗೆ ನಿಲ್ಲಿಸಿ, ಹಲಗೆ ತಿರುವಿ ಆ ಕಡೆಯಿಂದ ಮುಗಿಸಿದರೆ ಅಂಚು ಸಿಡಿಯುವುದಿಲ್ಲ. ಕಾಲಿನ ತುದಿಯನ್ನು ಬಾಚಿ, ಉಳಿಗಳಿಂದ ದುಂಡಗೆ ಮಾಡಿ, ಬಡಿದು ಕೂರಿಸಿ, ಮೇಲಿನಿಂದ ಸೀಳು ಮಾಡಿ ಬೆಣೆ ಹೊಡೆಯುವುದು. ಇಲ್ಲಿ ಒಂದು ಎಚ್ಚರ ತಪ್ಪಬಾರದು. ಬೆಣೆಯ ಗೆರೆ ಹಲಗೆಯ ನಾರಿಗೆ ಅಡ್ಡಲಾಗಿಯೇ ಇರಬೇಕು. ಆಗ ಬೆಣೆಯ ಒತ್ತಡ ನಾರಿನ ಉದ್ದಕ್ಕೆ ಹೋಗುತ್ತದೆ, ಕಟ್ಟಿಗೆ ತಾಳಿಕೊಳ್ಳುತ್ತದೆ. ನಾರಿನ ಗುಂಟ ಬೆಣೆ ಹೊಡೆದರೆ ಸೌದೆ ಸೀಳಿದ ಹಾಗೆ ಬೆಂಚೇ ಎರಡಾಗುತ್ತದೆ.

ಕಾಲುಗಳನ್ನು ಮೊದಲೇ ಅಳತೆ ಹಿಡಿದು ಕೊಯ್ಯುವ ಗೋಜು ಬೇಡ. ಎಲ್ಲ ಕೂರಿಸಿದ ಮೇಲೆ ಬೆಂಚನ್ನು ಮನೆಯ ಸಮನಾದ ಶಹಾಬಾದಿ ಫರಸಿಯ ಮೇಲೆ ನಿಲ್ಲಿಸಿ, ಅಡಿಗೆ ಚಕ್ಕೆ ಕೊಟ್ಟು ಮೇಲ್ಮೈ ಮಟ್ಟ ಬರಿಸಿ, ಒಂದೇ ಎತ್ತರದ ಒಂದು ಕಟ್ಟಿಗೆ ತುಂಡಿನ ಮೇಲೆ ಪೆನ್ಸಿಲ್ ಇಟ್ಟು ನಾಲ್ಕೂ ಕಾಲಿನ ಸುತ್ತ ಗೆರೆ ಎಳೆದು ಕೊಯ್ದರೆ ಸರಿಹೋಗುತ್ತದೆ. ಕೊನೆಯ ಎತ್ತರ ಕುಳಿತವರ ಮೊಣಕಾಲಿನಷ್ಟು, 17–18 ಇಂಚು.

ಹಿಡಿಯುವ ಸಾಧನಗಳು ಇದಕ್ಕಿಂತ ಸರಳ. ಬೆಂಚಿನ ಎಡತುದಿಯಲ್ಲಿ ಒಂದು ಚೌಕ ತೂತು, ಅದರಲ್ಲಿ ಬಿಗಿಯಾಗಿ ಮೇಲೆ ಕೆಳಗೆ ಸರಿಯುವ ಜಾಲಿಯ ಗೂಟ. ರಂದಾ ಹೊಡೆಯುವಾಗ ಹಲಗೆ ಅದಕ್ಕೆ ಆತು ನಿಲ್ಲುತ್ತದೆ. ಉದ್ದಕ್ಕೂ ಅಲ್ಲಲ್ಲಿ ಮುಕ್ಕಾಲಿಂಚಿನ ದುಂಡು ತೂತುಗಳಿದ್ದರೆ ಗೂಟ, ಬೆಣೆಗಳಿಂದ ಬೇಕಾದ ಅಗಲವನ್ನು ಬಂಧಿಸಬಹುದು. ಕಬ್ಬಿಣದ ಕೊಕ್ಕೆಯೊಂದು ಇದ್ದರೆ ಇನ್ನೂ ಚೆಂದ. ಊರಿನ ಕಮ್ಮಾರ 18 ಮಿ.ಮೀ. ಸರಳನ್ನು ಕಾಯಿಸಿ, ತುದಿಯನ್ನು ಕೊಕ್ಕಿನಂತೆ ಬಗ್ಗಿಸಿ ಚಪ್ಪಟೆ ಬಡಿದು ಕೊಡಬಲ್ಲ. ಕೊಕ್ಕನ್ನು ತುಂಡಿನ ಮೇಲಿಟ್ಟು ತಲೆಗೆ ಕೊಡತಿಯಿಂದ ಒಂದೇಟು ಹಾಕಿದರೆ ಸರಳು ತೂತಿನೊಳಗೆ ಓರೆಯಾಗಿ ಕಚ್ಚಿ ನಿಲ್ಲುತ್ತದೆ. ಹಿಂದಿನಿಂದ ತಟ್ಟಿದರೆ ಬಿಡುತ್ತದೆ. ತೂತು ಸರಳಿಗಿಂತ ಕೂದಲಷ್ಟು ದೊಡ್ಡದು ಇರಬೇಕು, ಹಲಗೆ ಎರಡು ಎರಡೂವರೆ ಇಂಚಿಗಿಂತ ತೆಳುವಾದರೆ ಕಚ್ಚುವುದು ಕಷ್ಟ. ಮೂರಿಂಚು ದಪ್ಪ ಎಂದು ಪಟ್ಟು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಬಾಗಿಲಿನಂಥ ದೊಡ್ಡ ಕೆಲಸ ಮಾಡುವವರಿಗೆ, ಬಗ್ಗಿದರೆ ಸೊಂಟ ಹಿಡಿಯುವವರಿಗೆ ಎತ್ತರದ ಬೆಂಚೇ ಬೇಕಾಗಬಹುದು. ಅವರು ರೂಬೊನ ದೈತ್ಯ ಹಲಗೆಯ ಬೆನ್ನು ಹತ್ತುವುದಕ್ಕಿಂತ ಇಂಗ್ಲೆಂಡಿನ ಪೀಟರ್ ನಿಕಲ್ಸನ್ 1812ರ ಪುಸ್ತಕದಲ್ಲಿ ತೋರಿಸಿದ ಮಾದರಿಯನ್ನು ನೋಡುವುದು ಲೇಸು. ಅದರಲ್ಲಿ ಮೇಲ್ಹಲಗೆ ತೆಳು, ಇಕ್ಕೆಲಗಳಲ್ಲಿ ಅಗಲವಾದ ಪಕ್ಕೆಹಲಗೆಗಳೇ ಬಲ. ಎತ್ತರಕ್ಕೆ ಮೈಯೇ ಅಳತೆಗೋಲು: ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವ ಮಟ್ಟ.

ಉಪಕರಣಗಳ ಪಟ್ಟಿ ಉದ್ದವೇನಿಲ್ಲ. ಗರಗಸ, ರಂದಾ, ಬಾಚಿ, ಎರಡು ಮೂರು ಉಳಿ, ಬೈರಿಗೆ, ಕೊಡತಿ, ಮೂಲೆಮಟ್ಟ, ಸಾಣೆಕಲ್ಲು. ಕೊನೆಯದನ್ನು ಮರೆತವರೇ ಹೆಚ್ಚು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಸೇರಿದ್ದು, ಉಪಕರಣಗಳಿಗೆಂದು 15,000 ರೂಪಾಯಿವರೆಗೆ ನೆರವಿದೆ. ಅದು ಕಸುಬಿನವರಿಗೆ, ಹವ್ಯಾಸಿಗಳಿಗಲ್ಲ. ಹವ್ಯಾಸಿಗೆ ಇನ್ನೊಂದು ದಾರಿಯಿದೆ. ಊರಿನ ಹಿರಿಯ ಬಡಿಗೇರ ಕಾಕಾನ ಬಳಿ ಕುಳಿತು, ಅವರ ದುಡಿಮೆಗೆ ತಕ್ಕ ಕೂಲಿ ಕೊಟ್ಟು, ಒಂದು ಓರೆ ತೂತನ್ನು ಅವರ ಕಣ್ಣೆದುರು ಹೊಡೆಯುವುದು. ಹೇಗೆ ಕುಳಿತುಕೊಳ್ಳಬೇಕು, ಮೈಭಾರ ಯಾವ ಕಡೆ ಹಾಕಬೇಕು ಎಂಬುದನ್ನು ವಿಡಿಯೊ ತೋರಿಸುವುದಿಲ್ಲ.

ಬೆಂಚಿಗೆ ಪಾಲಿಶ್ ಬೇಡ. ನುಣುಪಾದರೆ ತುಂಡು ಜಾರುತ್ತದೆ. ಈ ಭಾಗದ ಬೆಳೆಯೇ ಆದ ಅಗಸೆ ಅಥವಾ ಕುಸುಬಿಯ ಎಣ್ಣೆಯನ್ನು ತೆಳ್ಳಗೆ ಸವರಿದರೆ ಸಾಕು, ಎರಡೂ ಗಾಳಿಗೆ ಒಣಗುವ ಜಾತಿಯವು. ಗಾಡಿಯ ಅಚ್ಚಿಗೆ ಹಾಕುವ ಔಡಲೆಣ್ಣೆ ಒಣಗುವುದಿಲ್ಲ, ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಕಾವೇರಿ ಹೊತ್ತಿಕೊಂಡದ್ದುಂಟು. ಬಿಡಿಸಿ ಬಿಸಿಲಲ್ಲಿ ಹರವಬೇಕು. ಅಥಣಿ ಕಡೆಯ ಏಪ್ರಿಲ್ ಬಿಸಿಲಿಗೆ ಹಲಗೆ ಕುಗ್ಗುತ್ತದೆ, ನಿಪ್ಪಾಣಿಯ ಮಳೆಗಾಲದ ತೇವಕ್ಕೆ ಹಿಗ್ಗುತ್ತದೆ. ಹಾಗಾಗಿ ಮೊದಲ ಬೇಸಿಗೆ ಕಳೆದ ಮೇಲೆ ಬೆಣೆಗಳಿಗೆ ಇನ್ನೊಂದೇಟು ಹಾಕಿ, ಹೊರಬಂದ ತುದಿಗಳನ್ನು ಕೊಯ್ದು, ಮೇಲ್ಮೈಗೆ ಮತ್ತೊಮ್ಮೆ ರಂದಾ ಆಡಿಸುವುದು ಆಗಲೇಬೇಕಾದ ಕೆಲಸ. ಅದಕ್ಕೆ ಬೇರೆ ಬೆಂಚು ಬೇಡ, ನೆಲ ಸಾಕು.